ಹಡಗಿನ ಬಾತ್‌ರೂಮಿನಲ್ಲಿ ತೊಳೆದ ರೀಲುಗಳು

ನಾನು ಸರಕು ಹಡಗಿನಲ್ಲಿ ಸೆಕೆಂಡ್ ಇಂಜಿನಿಯರ್. ಒಂದು ಸಲ ಹತ್ತಿದರೆ ಇಳಿಯುವುದು ಐದಾರು ತಿಂಗಳ ಮೇಲೆ. ಏಳು ಕಾಂಟ್ರಾಕ್ಟ್‌ಗಳಿಂದ ನನ್ನ ಬ್ಯಾಗಿನಲ್ಲಿ ಒಂದು ಫಿಲ್ಮ್ ಕ್ಯಾಮೆರಾ ಇದೆ.

ಮೊದಲ ಕಾಂಟ್ರಾಕ್ಟ್‌ನಲ್ಲಿ 11 ರೀಲು ಮುಗಿಸಿದೆ. ಎಲ್ಲವೂ ಕಪ್ಪು ಬಿಳುಪು. ಮುಕ್ಕಾಲು ಪಾಲು ಸೂರ್ಯಾಸ್ತ, ಮೋಡ, ಅಲೆ. ಊರಿಗೆ ಬಂದು ತೊಳೆಸಿ ನೋಡಿದರೆ ಮೇಲೆ ಒಂದು ಬೂದು, ಕೆಳಗೆ ಇನ್ನೊಂದು ಬೂದು, ನಡುವೆ ಒಂದು ಗೆರೆ. ಆ ಗೆರೆಯೂ ಓರೆ. ಸಮುದ್ರ ಕಣ್ಣಿಗೆ ದೊಡ್ಡದು, ಫಿಲ್ಮಿಗೆ ಎರಡು ಪಟ್ಟಿ ಅಷ್ಟೇ. ಮುಂದೆ ಏನಾದರೂ ಇದ್ದರೆ ಮಾತ್ರ ಅದು ಸಮುದ್ರದ ಹಾಗೆ ಕಾಣುತ್ತದೆ. ಒಂದು ಕಂಬಿ, ಒಂದು ಹಗ್ಗ, ಒಬ್ಬ ಮನುಷ್ಯನ ಬೆನ್ನು, ಏನಾದರೂ ಸರಿ.

ಆ 11 ರೀಲುಗಳಲ್ಲಿ ಆರು ಫ್ರೇಮ್ ಬೇರೆಯಾಗಿದ್ದವು. ಹಡಗನ್ನು ದಡಕ್ಕೆ ಕಟ್ಟುವಾಗ ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿ, ಹಗ್ಗ ಎಳೆಯುತ್ತಿದ್ದ. ಕುತ್ತಿಗೆಯ ನರ ಎದ್ದಿತ್ತು, ಕೈಗವಸಿನ ಒಂದು ಬೆರಳು ಹರಿದಿತ್ತು. ಆ ಚಿತ್ರ ಅವನಿಗೆ ಕೊಡಬೇಕು ಅನ್ನಿಸಿತು. ಆದರೆ ಅವನು ಸೈನ್ ಆಫ್ ಆಗಿ ನಾಲ್ಕು ತಿಂಗಳಾಗಿತ್ತು. ಹಡಗಿನಲ್ಲಿ ಹೀಗೇ. ದಿನಾ ಮೂರು ಹೊತ್ತು ಮುಖ ನೋಡಿದವರು ಒಂದು ದಿನ ಗ್ಯಾಂಗ್‌ವೇ ಇಳಿದು ಹೋಗುತ್ತಾರೆ, ಮತ್ತೆ ಸಿಗುವುದು ಅಪರೂಪ. ರೀಲನ್ನು ಹಡಗಿನಲ್ಲೇ ತೊಳೆಯಬೇಕು, ಜನ ಇರುವಾಗಲೇ ಚಿತ್ರ ಅವರ ಕೈ ಸೇರಬೇಕು ಅಂತ ನಿರ್ಧಾರ ಮಾಡಿದ್ದು ಅವತ್ತು.

ಕ್ಯಾಮೆರಾ ವಿಷಯಕ್ಕೆ ಬರುತ್ತೇನೆ. ನನ್ನದು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ತಯಾರಾದ ಮಾದರಿ, ಪೂರ್ತಿ ಮೆಕ್ಯಾನಿಕಲ್. ಸಣ್ಣ ಬಟನ್ ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅದು ಸತ್ತರೂ ಶಟರ್ ನಡೆಯುತ್ತದೆ. ನಡು ಸಮುದ್ರದಲ್ಲಿ ಬ್ಯಾಟರಿ ಎಲ್ಲಿ ಹುಡುಕುವುದು? ಮೀಟರ್ ಇಲ್ಲದೆ ತೆಗೆಯುವುದೂ ಕಷ್ಟವಲ್ಲ. ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್ 16, ಶಟರ್ ವೇಗ ಫಿಲ್ಮಿನ ಐಎಸ್ಒಗೆ, ಅಂದರೆ ಬೆಳಕಿನ ಸೂಕ್ಷ್ಮತೆ ಹೇಳುವ ಸಂಖ್ಯೆಗೆ, ಹತ್ತಿರದ್ದು. 400ರ ಫಿಲ್ಮಿಗೆ 1/500 ಸೆಕೆಂಡ್. ನೀರಿನ ಹೊಳಪು ಜಾಸ್ತಿ ಇರುವಾಗ ಕಿಂಡಿ ಇನ್ನೂ ಕಿರಿದು, ಎಫ್ 22. ನಿಜ ಹೇಳಬೇಕೆಂದರೆ ಡೆಕ್ ಮೇಲೆ ಮೀಟರಿಗಿಂತ ಈ ಲೆಕ್ಕವೇ ನಂಬಿಕೆಯದು. ಹಡಗಿನ ಬಿಳಿ ಗೋಡೆ, ಹೊಳೆಯುವ ನೀರು ಎರಡೂ ಮೀಟರಿಗೆ ಮೋಸ ಮಾಡುತ್ತವೆ. ಅದು ಬಿಳಿಯನ್ನು ಬೂದು ಮಾಡಲು ಹೋಗುತ್ತದೆ, ಜನರ ಮುಖ ಕಪ್ಪಾಗುತ್ತದೆ. ನಾನು ನನ್ನ ಅಂಗೈಯನ್ನು ಅದೇ ಬೆಳಕಿಗೆ ಹಿಡಿದು ಅಳೆದು, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡುತ್ತೇನೆ. ಮೋಡ ಎದ್ದು ಕಾಣಬೇಕಾದಾಗ ಹಳದಿ ಫಿಲ್ಟರ್. ಅದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಅಷ್ಟು ನೆನಪಿಟ್ಟರೆ ಸಾಕು.

ಟ್ರೈಪಾಡ್ ಒಯ್ಯಬೇಡಿ. ನಾನು ಒಂದು ಸಲ ಒಯ್ದು ಪಟ್ಟ ಪಾಡು ಸಾಕಾಗಿದೆ. ದೊಡ್ಡ ಹಡಗಿನ ಮುಖ್ಯ ಇಂಜಿನ್ ತುಂಬ ನಿಧಾನವಾಗಿ ತಿರುಗುತ್ತದೆ. ನಮ್ಮದು ನಿಮಿಷಕ್ಕೆ 90 ಸುತ್ತಿನ ಆಸುಪಾಸು. ಆ ನಡುಕ ಡೆಕ್ಕಿನ ಉಕ್ಕಿನಿಂದ ಟ್ರೈಪಾಡಿನ ಕಾಲಿಗೆ ಹತ್ತಿ ನೇರ ಕ್ಯಾಮೆರಾಗೆ ಹೋಗುತ್ತದೆ. ಕೈಯಲ್ಲಿ ಹಿಡಿದರೆ ಮೊಣಕಾಲು, ಸೊಂಟ, ತೋಳು ಎಲ್ಲ ಸೇರಿ ಅದನ್ನು ನುಂಗಿಕೊಳ್ಳುತ್ತವೆ. ಗೋಡೆಗೆ ಒರಗಬಾರದು, ಮೊಣಕಾಲು ಸ್ವಲ್ಪ ಮಡಿಸಿ ನಿಲ್ಲಬೇಕು. ಹಾಗೆ ನಿಂತು 1/30ರಲ್ಲಿ ತೆಗೆದ ಚಿತ್ರಗಳೂ ಚೆನ್ನಾಗಿ ಬಂದಿವೆ. ನಕ್ಷತ್ರಗಳನ್ನು ಹಿಡಿಯುವ ಆಸೆ ಇದ್ದರೆ ಬಿಟ್ಟುಬಿಡಿ. ಹಡಗು ಹೊಯ್ದಾಡುವಾಗ ಪ್ರತಿ ನಕ್ಷತ್ರವೂ ಎರೆಹುಳದ ಹಾಗೆ ಬರುತ್ತದೆ.

ಉಪ್ಪು ಕಣ್ಣಿಗೆ ಕಾಣದ ಶತ್ರು. ಡೆಕ್ ಮೇಲೆ ಹತ್ತು ನಿಮಿಷ ನಿಂತರೆ ಸಾಕು, ಫಿಲ್ಟರಿನ ಮೇಲೆ ತೆಳು ಪೊರೆ ಕೂತಿರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಲೆನ್ಸಿನ ಮುಂದೆ ಯಾವಾಗಲೂ ಒಂದು ಯುವಿ ಫಿಲ್ಟರ್ ಇರಲಿ. ಎರಡನೆಯದು ಆವಿ. ಏಸಿ ಇರುವ ಕಂಟ್ರೋಲ್ ರೂಮಿನಿಂದ 40 ಡಿಗ್ರಿಯ ಇಂಜಿನ್ ರೂಮಿಗೆ ಹೆಜ್ಜೆ ಇಟ್ಟ ಕೂಡಲೇ ಲೆನ್ಸ್ ಮಂಜಾಗುತ್ತದೆ. ಒರೆಸಿದರೆ ಮತ್ತೆ ಮಂಜು. ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ ಮೊದಲೇ ಒಳಗೆ ಇಟ್ಟುಬಿಡುತ್ತೇನೆ. ಅರ್ಧ ಗಂಟೆಯಲ್ಲಿ ಅದೂ ಬಿಸಿಯಾಗುತ್ತದೆ. ಮಂಜು ಕವರಿನ ಹೊರಗೇ ಕೂರುತ್ತದೆ.

ರೀಲುಗಳ ಜಾಗ ಕ್ಯಾಬಿನ್ನಿನ ಸಣ್ಣ ಫ್ರಿಜ್. ತೆಗೆದದ್ದು, ತೆಗೆಯದ್ದು ಎರಡೂ. ಹೊರಗೆ ತೆಗೆದ ತಕ್ಷಣ ಡಬ್ಬಿ ಬಿಚ್ಚಬಾರದು, ಒಂದೆರಡು ಗಂಟೆ ಬಿಡಬೇಕು.

ವಿಮಾನ ನಿಲ್ದಾಣದ ಬಗ್ಗೆ ಸ್ವಲ್ಪ ಕೋಪದಿಂದಲೇ ಬರೆಯುತ್ತೇನೆ. ಹಡಗು ಸೇರಲು ಎರಡು ಮೂರು ವಿಮಾನ ಬದಲಿಸಬೇಕಾಗುತ್ತದೆ, ಪ್ರತಿ ಕಡೆ ಎಕ್ಸ್‌ರೇ. ಕೈಚೀಲದ ಹಳೆಯ ಯಂತ್ರಗಳಲ್ಲಿ 400ರ ಫಿಲ್ಮ್ ಕೆಲವು ಸಲ ಹಾದುಹೋದರೂ ಏನೂ ಆಗುತ್ತಿರಲಿಲ್ಲ. ಈಗ ಬರುತ್ತಿರುವ ಸಿಟಿ ಸ್ಕ್ಯಾನರ್ ಒಂದೇ ಸಲಕ್ಕೆ ಹಾಳು ಮಾಡಬಲ್ಲದು. ಮೂರನೇ ಕಾಂಟ್ರಾಕ್ಟ್‌ಗೆ ಹೋಗುವಾಗ ಒಂದು ಕಡೆ ಎಷ್ಟು ಕೇಳಿಕೊಂಡರೂ ಕೈಯಲ್ಲಿ ನೋಡಲು ಒಪ್ಪಲಿಲ್ಲ. ನಾಲ್ಕು ರೀಲಿನ ಮೇಲೆ ಉದ್ದಕ್ಕೂ ಮಂಜಿನ ಪಟ್ಟಿ ಬಂತು. ಈಗ ರೀಲುಗಳನ್ನು ಡಬ್ಬಿಯಿಂದ ತೆಗೆದು ಪಾರದರ್ಶಕ ಚೀಲದಲ್ಲಿ ಹಾಕಿ, ಸಾಲಿನಲ್ಲಿ ನಿಲ್ಲುವಾಗಲೇ ಕೈಯಲ್ಲಿ ಹಿಡಿದಿರುತ್ತೇನೆ. ನನ್ನ ಸರದಿ ಬರುವ ಮೊದಲೇ ಕೇಳುತ್ತೇನೆ. ಲಗೇಜಿನಲ್ಲಿ ಹಾಕುವುದು ಮಾತ್ರ ಬೇಡವೇ ಬೇಡ. ಅಲ್ಲಿಯ ಕಿರಣಗಳು ಇನ್ನೂ ಜೋರು.

ಅನುಮತಿ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಚಿಕ್ಕ ವಿಷಯ ಅಲ್ಲ. 2004ರಲ್ಲಿ ಐಎಸ್‌ಪಿಎಸ್ ಭದ್ರತಾ ನಿಯಮ ಜಾರಿಗೆ ಬಂದ ಮೇಲೆ ಬಂದರಿನಲ್ಲಿ ಕ್ಯಾಮೆರಾ ಕಂಡರೆ ಪ್ರಶ್ನೆ ಏಳುತ್ತದೆ. ಕ್ಯಾಪ್ಟನ್ನರನ್ನು ಮೊದಲೇ ಕೇಳಿ. ಟ್ಯಾಂಕರ್ ಡೆಕ್ಕಿನ ಮೇಲೆ ಬ್ಯಾಟರಿ, ಫ್ಲಾಶ್ ಇರುವ ಏನನ್ನೂ ಒಯ್ಯುವ ಹಾಗಿಲ್ಲ. ಒಂದು ಕಿಡಿ ಸಾಕು, ಅಲ್ವಾ.

ಇನ್ನು ತೊಳೆಯುವ ಕೆಲಸ. ನನಗೆ ತುಂಬ ಇಷ್ಟವಾದದ್ದು ಇದೇ.

ಕ್ಯಾಬಿನ್ನಿನ ಬಾತ್‌ರೂಮಿಗೆ ಕಿಟಕಿ ಇಲ್ಲ. ರಾತ್ರಿ ಕ್ಯಾಬಿನ್ ದೀಪ ಆರಿಸಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿದರೆ ಕಗ್ಗತ್ತಲೆ. ಐದು ನಿಮಿಷ ಸುಮ್ನೆ ಕೂತು ನೋಡಬೇಕು. ಕಣ್ಣು ಹೊಂದಿಕೊಂಡ ಮೇಲೆ ಎಲ್ಲಿ ಬೆಳಕು ನುಸುಳುತ್ತಿದೆ ಅಂತ ಗೊತ್ತಾಗುತ್ತದೆ. ನಾನು ನೆಲದ ಮೇಲೆ ಕೂತು ಬೆನ್ನನ್ನು ಒಂದು ಗೋಡೆಗೆ, ಪಾದಗಳನ್ನು ಎದುರಿನ ಗೋಡೆಗೆ ಒತ್ತಿಕೊಳ್ಳುತ್ತೇನೆ. ಹಾಗೆ ಸಿಕ್ಕಿಕೊಂಡರೆ ಹಡಗು ಎಷ್ಟು ಹೊರಳಿದರೂ ಕೈ ಅಲುಗುವುದಿಲ್ಲ. ತೊಡೆಯ ಮೇಲೆ ಟ್ಯಾಂಕ್ (ಬೆಳಕು ನುಸುಳದ, ಫಿಲ್ಮ್ ತೊಳೆಯುವ ಡಬ್ಬಿ), ಮುಚ್ಚಳ, ಕತ್ತರಿ, ಫಿಲ್ಮ್ ಸುತ್ತುವ ಸುರುಳಿ, ಅದೇ ಕ್ರಮದಲ್ಲಿ. ಒಂದು ಉರುಳಿ ಹೋದರೆ ಕತ್ತಲಲ್ಲಿ ಹುಡುಕಬೇಕು. ಫಿಲ್ಮಿನ ತುದಿಯನ್ನು ಸುರುಳಿಯ ಬಾಯಿಗೆ ಕೊಟ್ಟು ಎರಡೂ ಬದಿಯನ್ನು ಹಿಂದೆ ಮುಂದೆ ತಿರುಗಿಸುತ್ತಾ ಹೋದರೆ ಅದು ಟಿಕ್ ಟಿಕ್ ಅಂತ ಒಳಗೆ ಹೋಗುತ್ತದೆ. ಆ ಸದ್ದು ನಿಂತರೆ ಎಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ. ಪ್ಲಾಸ್ಟಿಕ್ ಸುರುಳಿಗೆ ಸ್ವಲ್ಪ ತೇವ ಇದ್ದರೂ ಫಿಲ್ಮ್ ಅಂಟುತ್ತದೆ. ಹಾಗಾಗಿ ತೊಳೆಯುವ ದಿನ ಸ್ನಾನ ಆಮೇಲೆ.

ಮೊದಲ ಪ್ರಯತ್ನ ಕೆಟ್ಟಿತು. 1891ರಿಂದ ಬಳಕೆಯಲ್ಲಿರುವ ರೋಡಿನಾಲ್ ಡೆವಲಪರನ್ನು (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ) ಒಂದಕ್ಕೆ ನೂರು ಪಾಲು ನೀರು ಸೇರಿಸಿ, ಒಂದು ಗಂಟೆ ಅಲುಗಾಡಿಸದೆ ಇಡುವ ವಿಧಾನ ಒಂದಿದೆ. ಸುಲಭ ಅಂತ ಅದನ್ನೇ ಮಾಡಿದೆ. ನಾನು ಅಲುಗಾಡಿಸಲಿಲ್ಲ, ಹಡಗು ಅಲುಗಾಡಿಸಿತು. ಒಂದೇ ದಿಕ್ಕಿನಲ್ಲಿ, ಒಂದೇ ತಾಳದಲ್ಲಿ, ಒಂದು ಗಂಟೆ. ಫಿಲ್ಮಿನ ಅಂಚಿನ ತೂತುಗಳಿಂದ ಚಿತ್ರದೊಳಕ್ಕೆ ಗೆರೆಗಳು ಇಳಿದಿದ್ದವು. ಅವತ್ತಿನಿಂದ ಡಿ-76 ಅನ್ನುವ ಡೆವಲಪರ್, ಸಮ ಪಾಲು ನೀರು, ಪ್ರತಿ ನಿಮಿಷಕ್ಕೆ ನಾಲ್ಕು ಸಲ ಟ್ಯಾಂಕ್ ತಲೆಕೆಳಗು. ಕೈಯ ಅಲುಗಾಟ ಹಡಗಿನದಕ್ಕಿಂತ ಜೋರಾಗಿದ್ದರೆ ಹಡಗಿನದು ಲೆಕ್ಕಕ್ಕೆ ಬರುವುದಿಲ್ಲ. ಎಚ್‌ಪಿ5 ಪ್ಲಸ್ ಫಿಲ್ಮಿಗೆ 20 ಡಿಗ್ರಿಯಲ್ಲಿ 11 ನಿಮಿಷ. ಬಿಸಿ ಸಮುದ್ರದಲ್ಲಿ ನಲ್ಲಿ ನೀರೇ 30 ದಾಟಿರುತ್ತದೆ. ಫ್ರಿಜ್ಜಿನ ನೀರು ಬೆರೆಸಿ 24ಕ್ಕೆ ಇಳಿಸಿ, ಏಳೂವರೆ ನಿಮಿಷದ ಹತ್ತಿರ ನಿಲ್ಲಿಸುತ್ತೇನೆ. 20ಕ್ಕೆ ಇಳಿಸಿ ಆಮೇಲೆ ಬಿಸಿ ನೀರಿನಲ್ಲಿ ತೊಳೆಯುವುದಕ್ಕಿಂತ, ಎಲ್ಲ ದ್ರಾವಣವೂ 24ರಲ್ಲೇ ಇರುವುದು ಒಳ್ಳೆಯದು. ಡೆವಲಪರ್, ಹೈಪೊ (ಮೂಡಿದ ಚಿತ್ರ ಅಳಿಯದಂತೆ ನಿಲ್ಲಿಸುವ ಫಿಕ್ಸರ್) ಎರಡನ್ನೂ ಪುಡಿಯಾಗಿ ಒಯ್ಯುತ್ತೇನೆ. ಪ್ಯಾಕೆಟ್ ಒಡೆದಿರಬಾರದು, ಜೊತೆಗೆ ಅದರ ಸುರಕ್ಷತಾ ಹಾಳೆ ಇರಬೇಕು. ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ ದ್ರಾವಣದ ಬದಲು ಬರೀ ನೀರು, ಮುಚ್ಚಿದ ಕೋಣೆಯಲ್ಲಿ ಆ ಹುಳಿ ವಾಸನೆ ತಡೆಯಲು ಆಗುವುದಿಲ್ಲ.

ಹಡಗಿನ ಸಿಹಿನೀರು ಸಮುದ್ರದ ನೀರನ್ನೇ ಬಟ್ಟಿ ಇಳಿಸಿ ಮಾಡಿದ್ದು. ಇಂಜಿನ್ ತಂಪು ಮಾಡಿ ಬಂದ ನೀರಿನ ಬಿಸಿಯಲ್ಲೇ, ಒತ್ತಡ ತಗ್ಗಿಸಿ ಅದನ್ನು ಕುದಿಸುತ್ತೇವೆ. ಆ ಯಂತ್ರ ನೋಡಿಕೊಳ್ಳುವುದು ನಮ್ಮ ಕೆಲಸವೇ. ಹಾಗಾಗಿ ಅದರ ಬೆಲೆ ನನಗೆ ಗೊತ್ತು. ನಲ್ಲಿ ಬಿಟ್ಟು ಅರ್ಧ ಗಂಟೆ ಫಿಲ್ಮ್ ತೊಳೆಯಲು ಮನಸ್ಸು ಬರುವುದಿಲ್ಲ. ಫಿಕ್ಸ್ ಆದ ಮೇಲೆ ಟ್ಯಾಂಕಿಗೆ ನೀರು ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಫಿಲ್ಮ್ ಕಂಪನಿ ಇಲ್ಫರ್ಡ್‌ನವರು ಹೇಳಿಕೊಟ್ಟ ರೀತಿ. ಒಂದು ಲೀಟರ್ ಒಳಗೆ ಮುಗಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಗಳಲ್ಲಿ ಸಮುದ್ರದ ನೀರಿನಲ್ಲೇ ತೊಳೆಯುತ್ತಿದ್ದರು. ಉಪ್ಪುನೀರು ಹೈಪೊವನ್ನು ಬೇಗ ಬಿಡಿಸುತ್ತದೆ, ಕೊನೆಯಲ್ಲಿ ಸಿಹಿನೀರಿನ ಒಂದು ಜಾಲಾಟ ಬೇಕು ಅಷ್ಟೇ. ನಾನೂ ಒಂದು ಬಕೆಟ್ ತಂದು ಸೋಸಿ ಮಾಡಿ ನೋಡಿದೆ. ಐದು ವರ್ಷವಾದರೂ ಆ ನೆಗೆಟಿವ್ ಚೆನ್ನಾಗೇ ಇದೆ.

ಬಳಸಿದ ಫಿಕ್ಸರ್ ಸಿಂಕಿಗೆ ಹೋಗಬಾರದು. ಅದರಲ್ಲಿ ಬೆಳ್ಳಿ ಇರುತ್ತದೆ, ಅದು ಜಲಚರಗಳಿಗೆ ವಿಷ. ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಹಡಗಿನ ಕೆಮಿಕಲ್ ಕಸದ ಜೊತೆ ದಡಕ್ಕೆ ಕೊಡುತ್ತೇನೆ. ಚೀಫ್ ಇಂಜಿನಿಯರ್ ಅನುಮತಿ ಕೊಟ್ಟಿದ್ದು ಈ ಒಂದು ಮಾತಿನ ಮೇಲೆ.

ಒದ್ದೆ ಫಿಲ್ಮನ್ನು ಶವರ್ ಪರದೆಯ ಕಂಬಿಗೆ ಕ್ಲಿಪ್ ಹಾಕಿ ನೇತುಹಾಕುತ್ತೇನೆ. ಸುರುಳಿಯಾಗದಿರಲಿ ಅಂತ ಕೆಳಗೆ ಒಂದು ದಪ್ಪ ನಟ್ಟು. ಹಡಗು ಹೊರಳಿದಾಗ ಆ ನಟ್ಟು ಗೋಡೆಗೆ ಬಡಿಯದ ಹಾಗೆ ಒಂದು ದಾರ ಕಟ್ಟಬೇಕು. ಗಾಳಿ ಬರುವ ಜಾಲರಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿದರೆ ಧೂಳು ಕೂರುವುದಿಲ್ಲ. ಬೆಳಿಗ್ಗೆ ಪಾಳಿಗೆ ಹೋಗುವ ಮೊದಲು ಅದನ್ನು ದೀಪಕ್ಕೆ ಹಿಡಿದು ನೋಡುವ ಎರಡು ನಿಮಿಷಕ್ಕೋಸ್ಕರ ಎಷ್ಟು ರಾತ್ರಿ ನಿದ್ದೆ ಬೇಕಾದರೂ ಬಿಡುತ್ತೇನೆ.

ಚಿತ್ರವನ್ನು ದೊಡ್ಡದು ಮಾಡಿ ಅಚ್ಚು ಹಾಕುವ ಎನ್‌ಲಾರ್ಜರ್ ಒಯ್ಯಲು ಆಗುವುದಿಲ್ಲ. ಆದರೆ ಕಾಂಟ್ಯಾಕ್ಟ್ ಪ್ರಿಂಟ್ ಮಾಡಬಹುದು. ಫೋಟೋ ಪೇಪರಿನ ತುಂಡಿನ ಮೇಲೆ ನೆಗೆಟಿವ್, ಅದರ ಮೇಲೆ ಹಳೆಯ ಫ್ರೇಮಿನ ಗಾಜು. ಟಿಶ್ಯೂ ಸುತ್ತಿದ ಟಾರ್ಚಿನಿಂದ ಎರಡು ಸೆಕೆಂಡ್ ಬೆಳಕು. ಮೂರು ಪ್ಲಾಸ್ಟಿಕ್ ಡಬ್ಬಗಳೇ ಟ್ರೇ. ಪೇಪರಿಗೆ ಬೇರೆ ಡೆವಲಪರ್ ಬೇಕು. ಬೆಳಕಿಗೆ ಕೆಂಪು ಸೈಕಲ್ ದೀಪ. ಎಲ್ಲ ಕೆಂಪು ದೀಪವೂ ಆಗುವುದಿಲ್ಲ. ಪೇಪರ್ ಮೇಲೆ ಒಂದು ನಾಣ್ಯ ಇಟ್ಟು ಐದು ನಿಮಿಷ ಆ ಬೆಳಕಿನಲ್ಲಿ ಬಿಟ್ಟು ಡೆವಲಪ್ ಮಾಡಿ ನೋಡಿ. ನಾಣ್ಯದ ಗುರುತು ಕಂಡರೆ ಆ ದೀಪ ಬೇಡ. ಚಿತ್ರ ಬರುವುದು 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು.

ಈ ಹಡಗಿನಲ್ಲಿ ಮೊದಲು ಕೊಟ್ಟಿದ್ದು ಒಬ್ಬ ಆಯಿಲರ್‌ಗೆ, ಇಂಜಿನ್ ರೂಮಿನ ಕೆಲಸಗಾರನಿಗೆ. ಜನರೇಟರ್ ಪಕ್ಕ ನಿಂತು ಮುಂಗೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದಾಗ ತೆಗೆದದ್ದು. ಅವನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಕಣ್ಣಿನ ಹತ್ತಿರ ತಂದ. “ಸೆಕೆಂಡ್, ಇದು ನಾನಾ?” ಅಂದ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಐಡಿ ಕಾರ್ಡಿನ ಕವರಿನಲ್ಲಿ, ಕಾರ್ಡಿನ ಹಿಂದೆ ಸೇರಿಸಿಕೊಂಡ. ಮರುದಿನ ಒಗೆದ ಬಾಯ್ಲರ್ ಸೂಟ್ ಹಾಕಿಕೊಂಡು, ತಲೆ ಬಾಚಿಕೊಂಡು ಕ್ಯಾಬಿನ್ ಬಾಗಿಲಲ್ಲಿ ನಿಂತಿದ್ದ. ಮನೆಗೆ ಕಳಿಸಲು ಇನ್ನೊಂದು ಬೇಕಂತೆ. ಅದನ್ನೂ ತೆಗೆದುಕೊಟ್ಟೆ. ಆದರೆ ಕಾರ್ಡಿನ ಹಿಂದೆ ಉಳಿದಿದ್ದು ಬೆವರಿನದೇ.

ಅವನು ಕಳೆದ ವಾರ ಸೈನ್ ಆಫ್ ಆದ. ಗ್ಯಾಂಗ್‌ವೇ ಇಳಿಯುವಾಗ ಒಮ್ಮೆ ತಿರುಗಿ ನೋಡಿದ್ದು ಫ್ರೇಮ್ 31. ಈ ಸಲ ವಿಳಾಸ ಮರೆಯದೆ ಬರೆಸಿಕೊಂಡಿದ್ದೇನೆ. ರೀಲಿನಲ್ಲಿ ಇನ್ನೂ ಐದು ಫ್ರೇಮ್ ಇವೆ. ಮುಂದಿನ ಬಂದರಿನಲ್ಲಿ ಒಂದು ಪಿಸ್ಟನ್ ಹೊರಗೆ ತೆಗೆಯುವ ಕೆಲಸ ಇದೆ. ಆ ಐದೂ ಅಲ್ಲಿಗೆ. ಅವತ್ತು ರಾತ್ರಿಯೇ ತೊಳೆಯುತ್ತೇನೆ.