ಟ್ರೈಲರ್ ನೋಡುವ ಮೊದಲು ಕಾರಿನ ಬಾಗಿಲು ನೋಡಿ

ಅಮೆರಿಕದಲ್ಲಿರುವ ನಮ್ಮ ಕನ್ನಡ ಮನೆಗಳಲ್ಲಿ ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಮಾತು ಏಳುತ್ತದೆ: ಟೆಂಟ್ ಸಾಕು, ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಂಥ ಒಂದು ಟ್ರೈಲರ್ ತಗೊಳ್ಳೋಣ. ಒಳ್ಳೆಯ ಯೋಚನೆಯೇ. ಮಕ್ಕಳಿಗೆ ಬಂಕ್ ಸಿಗುತ್ತದೆ. ಊರಿಂದ ಬಂದ ಅಜ್ಜ ಅಜ್ಜಿ ನಡುರಾತ್ರಿ ಶೌಚಕ್ಕೆ ಕತ್ತಲಲ್ಲಿ ನಡೆಯಬೇಕಿಲ್ಲ. ಆದರೆ ಬಹಳ ಜನ ನೇರವಾಗಿ ಡೀಲರ್ ಹತ್ತಿರ ಹೋಗಿ, ಹಾಸಿಗೆ, ಸೋಫಾ ನೋಡಿ ಮನಸೋಲುತ್ತಾರೆ. ಎಳೆಯುವ ಕಾರಿನ ಲೆಕ್ಕ ಆಮೇಲೆ ಬರುತ್ತದೆ. ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.

ಮೊದಲು ತೂಕ

ನಿಮ್ಮ ಕಾರು ಎಷ್ಟು ಎಳೆಯಬಲ್ಲದು ಎಂಬುದು ಮ್ಯಾನುಯಲ್‌ನಲ್ಲಿದೆ. ಹೋಂಡಾ ಒಡಿಸ್ಸಿ, ಈಗಿನ ಟೊಯೋಟಾ ಸಿಯೆನಾ ಹೆಚ್ಚೆಂದರೆ 3,500 ಪೌಂಡ್ ಎಳೆಯುತ್ತವೆ. ಪೆಟ್ರೋಲ್ ಹೈಲ್ಯಾಂಡರ್ 5,000 ಎಳೆಯುತ್ತದೆ, ಅದರದೇ ಹೈಬ್ರಿಡ್‌ಗೆ 3,500 ಮಾತ್ರ. ಸೇಲ್ಸ್‌ನವರು ಸಾಮಾನ್ಯವಾಗಿ ಈ ಒಂದು ಸಂಖ್ಯೆ ಕೇಳಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತಾರೆ. ಇದೇ ಪೇಲೋಡ್. ಟ್ರೈಲರ್‌ನ ಮೂತಿ ಹಿಚ್ (ಕಾರಿನ ಹಿಂಬದಿಯ ಕೊಂಡಿ) ಮೇಲೆ ಒತ್ತುವ ಭಾರವೂ ಇದರಲ್ಲೇ ಸೇರಬೇಕು. ಈ ಭಾರ, ಅಂದರೆ ಟಂಗ್ ವೇಟ್, ತುಂಬಿದ ಟ್ರೈಲರ್ ತೂಕದ ಶೇ 10ರಿಂದ 15 ಇರಬೇಕು. ಕಡಿಮೆಯಾದರೆ ಹೈವೇಯಲ್ಲಿ ಟ್ರೈಲರ್ ಬಾಲದಂತೆ ಅಲ್ಲಾಡತೊಡಗುತ್ತದೆ, ಅದು ನಿಜವಾಗಿಯೂ ಅಪಾಯ.

ಒಂದು ಲೆಕ್ಕ ನೋಡಿ. 5,000 ಪೌಂಡ್ ಎಳೆಯುವ ಕಾರು, ಅದರ ಸ್ಟಿಕರ್‌ನಲ್ಲಿ 1,300 ಪೌಂಡ್ ಇದೆ ಅಂದುಕೊಳ್ಳಿ. ತುಂಬಿದ ಟ್ರೈಲರ್ 4,000 ಪೌಂಡ್, ಟಂಗ್ ವೇಟ್ 480. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಸೇರಿ 430. ಡಿಕ್ಕಿಯ ಸಾಮಾನು 150, ಹಿಚ್ 80. ಒಟ್ಟು 1,140. ಸರಿಹೋಯಿತು. ಅಜ್ಜ ಅಜ್ಜಿ ಹತ್ತಿದರೆ ಇನ್ನೂ 280, ಅಂದರೆ 1,420. ಎಳೆಯುವ ಶಕ್ತಿ ಇನ್ನೂ 1,000 ಪೌಂಡ್ ಉಳಿದಿದ್ದರೂ ಕಾರಿಗೆ ಹೊರೆ ಮೀರಿತು. ಹಿಚ್‌ಗೂ ತನ್ನದೇ ಮಿತಿ ಇರುತ್ತದೆ, ಅದರ ಮೇಲೇ ಬರೆದಿರುತ್ತದೆ.

ಜಾಹೀರಾತಿನ ‘ಡ್ರೈ ವೇಟ್’ ನಂಬಬೇಡಿ. ಅದು ಖಾಲಿ ಟ್ರೈಲರ್‌ನ ತೂಕ. ಬ್ಯಾಟರಿ ಕೂಡ ಹಲವು ಬಾರಿ ಅದರಲ್ಲಿ ಸೇರಿರುವುದಿಲ್ಲ. 30 ಗ್ಯಾಲನ್ ನೀರೇ ಸುಮಾರು 250 ಪೌಂಡ್. ಅಕ್ಕಿ, ಪಾತ್ರೆ, ಹೊದಿಕೆ, ಕುರ್ಚಿ ಬೇರೆ. ಟ್ರೈಲರ್‌ನ ಗರಿಷ್ಠ ತೂಕ, ಅಂದರೆ ಜಿ.ವಿ.ಡಬ್ಲ್ಯು.ಆರ್., ಅದನ್ನೇ ಹಿಡಿದು ಲೆಕ್ಕ ಹಾಕಿ. ಹಿಚ್, ಬ್ರೇಕ್ ಕಂಟ್ರೋಲರ್ (ಕಾರಿನಿಂದ ಟ್ರೈಲರ್‌ನ ಬ್ರೇಕ್ ಹಿಡಿಸುವ ಸಾಧನ), 7 ಪಿನ್ ವೈರಿಂಗ್ (ಟ್ರೈಲರ್‌ನ ದೀಪ, ಬ್ರೇಕ್‌ಗಳಿಗೆ ಕಾರಿನಿಂದ ಹೋಗುವ ತಂತಿ) ಇವುಗಳ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸಿ.

ಯಾವ ಬಗೆ, ಎಷ್ಟು ಉದ್ದ

ಮಿನಿವ್ಯಾನ್ ಇದ್ದರೆ ಪಾಪ್-ಅಪ್ (ಮಡಚಿ ಎಳೆದೊಯ್ದು, ನಿಂತಲ್ಲಿ ಬಿಚ್ಚುವಂಥದ್ದು) ಅಥವಾ ಟಿಯರ್‌ಡ್ರಾಪ್ (ನೀರಹನಿ ಆಕಾರದ ಪುಟ್ಟದು). ಟಿಯರ್‌ಡ್ರಾಪ್ ಇಬ್ಬರಿಗಷ್ಟೇ. ಫಿಫ್ತ್ ವೀಲ್, ಅಂದರೆ ಟ್ರಕ್‌ನ ತೊಟ್ಟಿಯೊಳಗಿನ ಕೊಂಡಿಗೆ ಜೋಡಿಸುವ ದೊಡ್ಡ ಟ್ರೈಲರ್, ಬೇಕಾದರೆ ಪಿಕಪ್ ಟ್ರಕ್ ಇರಲೇಬೇಕು. ಇಬ್ಬರು ಮಕ್ಕಳಿರುವ ಮನೆಗೆ ಬಂಕ್ ಇರುವ ಚಿಕ್ಕ ಟ್ರಾವೆಲ್ ಟ್ರೈಲರ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ದೊಡ್ಡದಿದ್ದರೆ ಆರಾಮ ಜಾಸ್ತಿ, ನಿಜ. ಆದರೆ ಯೊಸೆಮಿಟಿ ಪಾರ್ಕಿನ ಅಪ್ಪರ್ ಪೈನ್ಸ್ ಕ್ಯಾಂಪ್‌ನಲ್ಲಿ ಟ್ರೈಲರ್ 24 ಅಡಿ ಮೀರುವಂತಿಲ್ಲ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದಿ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ ಕಾರು, ಟ್ರೈಲರ್ ಸೇರಿ 21 ಅಡಿ ದಾಟಬಾರದು. ಹಾಗಾಗಿ ಟ್ರೈಲರ್ ಅನ್ನು ಕ್ಯಾಂಪ್‌ನಲ್ಲೇ ಬಿಟ್ಟು ಹೋಗಬೇಕು. ನೀವು ಹೋಗಬೇಕೆಂದಿರುವ ಜಾಗಗಳ ನಿಯಮ ಓದಿಕೊಂಡು ಉದ್ದ ನಿರ್ಧರಿಸಿ.

ಅಡುಗೆಯ ಕರೆಂಟ್

ನಮ್ಮವರಿಗೆ ಇದು ಮುಖ್ಯ, ಅಲ್ವಾ? ಚಿಕ್ಕ ಟ್ರೈಲರ್‌ಗಳಿಗೆ ಸಾಮಾನ್ಯವಾಗಿ 30 ಆಂಪ್ ಸಂಪರ್ಕ, ಅಂದರೆ 3,600 ವಾಟ್. ಇಂಡಕ್ಷನ್ ಒಲೆ 1,800 ವಾಟ್ ತಿಂದರೆ ಅರ್ಧ ಮುಗಿಯಿತು. ಜೊತೆಗೆ ಎಸಿ, ವಾಟರ್ ಹೀಟರ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಯೊಸೆಮಿಟಿಯಂಥ ಕಡೆ ಕರೆಂಟ್ ಸಂಪರ್ಕವೇ ಇಲ್ಲ. ಆದ್ದರಿಂದ ಗ್ಯಾಸ್ ಒಲೆ ಇರಲಿ. ಹೊರಗೆ ಅಡುಗೆ ಮಾಡುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು. ಒಗ್ಗರಣೆ ಘಾಟು ಹಾಸಿಗೆಗೆ ಹಿಡಿಯುವುದಿಲ್ಲ, ಹೊಗೆ ಅಲಾರಂ ಕೂಡ ಕೂಗುವುದಿಲ್ಲ.

ಹಳೆಯದಾದರೆ ನೀರಿನ ಗುರುತು ಹುಡುಕಿ

ಮೂರು-ನಾಲ್ಕು ವರ್ಷ ಹಳೆಯದು ಕೊಳ್ಳಿ ಎನ್ನುತ್ತೇನೆ. ಹೊಸದರ ಬೆಲೆ ಮೊದಲ ವರ್ಷಗಳಲ್ಲೇ ಜೋರಾಗಿ ಇಳಿಯುತ್ತದೆ. ಆದರೆ ಹಳೆಯ ಟ್ರೈಲರ್‌ನ ದೊಡ್ಡ ಶತ್ರು ನೀರು. ಚಾವಣಿಯ ಸಂದಿನಿಂದ ಒಳಗಿಳಿದ ಮಳೆನೀರು ಗೋಡೆಯೊಳಗಿನ ಮರವನ್ನು ಸದ್ದಿಲ್ಲದೆ ಕೊಳೆಸುತ್ತದೆ. ಅದರ ರಿಪೇರಿಗೆ ಕೆಲವೊಮ್ಮೆ ಟ್ರೈಲರ್ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ.

ಸಾಧ್ಯವಾದರೆ ಮಳೆ ಬಂದ ಮರುದಿನ ನೋಡಲು ಹೋಗಿ. ಬಾಗಿಲ ಬಳಿ, ಬಚ್ಚಲ ಮುಂದೆ, ಸ್ಲೈಡ್-ಔಟ್ (ನಿಂತಾಗ ಹೊರಗೆ ಸರಿದು ಜಾಗ ಹೆಚ್ಚಿಸುವ ಗೋಡೆಭಾಗ) ಪಕ್ಕ ಹಿಮ್ಮಡಿ ಒತ್ತಿ ನಡೆಯಿರಿ. ನೆಲ ಮೆತ್ತಗೆ ಕುಸಿದರೆ ವಾಪಸ್ ಬನ್ನಿ. ಹಾಸಿಗೆ ಎತ್ತಿ, ಕಪಾಟುಗಳ ಮೂಲೆಗೆ ಟಾರ್ಚ್ ಬಿಟ್ಟು ಕಲೆ ನೋಡಿ. ಹೊರಗೋಡೆಯನ್ನು ಬದಿಯಿಂದ ನೋಡಿದರೆ ಉಬ್ಬು ಕಾಣುತ್ತದೆ. ಏಣಿ ತಗೊಂಡು ಹೋಗಿ ಚಾವಣಿಯ ಸೀಲಂಟ್ ಒಡೆದಿದೆಯಾ ನೋಡಿ. ಒಳಗೆ ಮುಗ್ಗಲು ವಾಸನೆ ಇದ್ದರೂ, ಅದನ್ನು ಮುಚ್ಚಲು ಸುಗಂಧ ಹೊಡೆದಿದ್ದರೂ ಅನುಮಾನ ಪಡಿ.

ಟೈರ್‌ನ ಬದಿಯಲ್ಲಿ DOT ಎಂದು ಶುರುವಾಗುವ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ಮಾಡಿದ್ದು. ಟ್ರೈಲರ್ ಟೈರ್ ಆರು ವರ್ಷ ದಾಟಿದ್ದರೆ ಟೈರ್ ಸವೆಯದೆ ಚೆನ್ನಾಗಿ ಕಂಡರೂ ಬದಲಿಸಬೇಕು, ಆ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಫ್ರಿಜ್ ತಣ್ಣಗಾಗಲು ಗಂಟೆಗಳೇ ಬೇಕು, ಹಿಂದಿನ ರಾತ್ರಿಯೇ ಹಾಕಿಡಲು ಹೇಳಿ. ನೀರು, ಗ್ಯಾಸ್, ಎಸಿ, ಹೀಟರ್ ಎಲ್ಲವನ್ನೂ ನಿಮ್ಮೆದುರೇ ಓಡಿಸಿ ತೋರಿಸಲಿ. ಒಪ್ಪದಿದ್ದರೆ ಬಿಡಿ, ಬೇರೆ ಸಿಗುತ್ತವೆ.

ದುಡ್ಡು ಕೊಡುವ ಮೊದಲು ಟೈಟಲ್‌ನ (ಮಾಲೀಕತ್ವದ ಪತ್ರ) ಹೆಸರು ಮಾರುವವರದೇ ಇರಬೇಕು, ಅದರಲ್ಲಿರುವ ವಿನ್ ನಂಬರ್ (ವಾಹನದ ಗುರುತಿನ ಸಂಖ್ಯೆ) ಟ್ರೈಲರ್ ಮೇಲಿನದಕ್ಕೆ ಹೊಂದಬೇಕು, ಸಾಲ ಬಾಕಿ ಇರಬಾರದು. ಮನೆ ಮುಂದೆ ನಿಲ್ಲಿಸಲು ನಿಮ್ಮ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಬಿಡುತ್ತದಾ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ತಿಂಗಳು ತಿಂಗಳು ಸ್ಟೋರೇಜ್ ಬಾಡಿಗೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವಾಗ ವೇಗದ ಮಿತಿ ಗಂಟೆಗೆ 55 ಮೈಲಿ. ಮೊದಲ ಬಾರಿ ಮನೆಗೆ ಹತ್ತಿರದ ಕ್ಯಾಂಪ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ರಿವರ್ಸ್ ಹಾಕುವುದನ್ನು ಅದಕ್ಕೂ ಮೊದಲೇ ಕಲಿತುಕೊಳ್ಳಿ.