ಒಂದೇ ಪದದಿಂದ ಆದ ತೊಡಕು: ಬಡತನದ ಪಾಠ ಮಾಡಿದ ನನ್ನ ಅನುಭವ

ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿಗಳಿಗೆ ಇಂಗ್ಲೆಂಡಿನ 1834ರ ಬಡವರ ಕಾಯ್ದೆಯ (ಬಡವರಿಗೆ ನೆರವು ಕೊಡುವ ಕಾನೂನು) ನೋಟ್ಸ್ ಬರೆದಾಗ, ‘ಪಾವರ್ಟಿ’, ‘ಇಂಡಿಜೆನ್ಸ್’ ಎರಡಕ್ಕೂ ‘ಬಡತನ’ ಅಂತಲೇ ಹಾಕಿದ್ದೆ. ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಬಡತನ ಇರಲೇಬೇಕು ಅಂತಾರೆ, ತೊಲಗಿಸಬೇಕು ಅಂತಲೂ ಅಂತಾರೆ. ಯಾವುದು?”

ಆ ರಾತ್ರಿ ಮತ್ತೆ ಓದಿದೆ. ಅವಳ ಪ್ರಶ್ನೆ ಸರಿಯಿತ್ತು. 1806ರಲ್ಲಿ ಲಂಡನ್ನಿನ ಮ್ಯಾಜಿಸ್ಟ್ರೇಟ್ ಪ್ಯಾಟ್ರಿಕ್ ಕೊಹೂನ್ ಬರೆದ ಪ್ರಕಾರ, ದುಡಿದರೆ ಮಾತ್ರ ಊಟ ಎನ್ನುವ ಸ್ಥಿತಿಯೇ ಬಡತನ. ಅದಿಲ್ಲದಿದ್ದರೆ ಯಾರೂ ದುಡಿಯುವುದಿಲ್ಲ, ಸಂಪತ್ತೂ ಹುಟ್ಟುವುದಿಲ್ಲ. ಕೇಡೆಂದರೆ ಹೊಟ್ಟೆಗೇ ಇಲ್ಲದ ಸ್ಥಿತಿ, ಅಂದರೆ ‘ಇಂಡಿಜೆನ್ಸ್’. ಇದಕ್ಕೀಗ ‘ನಿರ್ಗತಿಕತೆ’ ಅಂತ ಬರೆಯುತ್ತೇನೆ. ಪದ ಬೇರೆಯಾದ ಮೇಲೆ 1834ರ ಕಾಯ್ದೆಯ ಕ್ರೌರ್ಯವೂ ಮಕ್ಕಳಿಗೆ ತಾನಾಗಿ ಕಂಡಿತು. ಮೈಯಲ್ಲಿ ಶಕ್ತಿಯಿರುವವನು ನೆರವು ಬೇಕೆಂದರೆ, ಬಡವರನ್ನು ಇರಿಸಿಕೊಂಡು ದುಡಿಸುವ ಮನೆಯಾದ ವರ್ಕ್‌ಹೌಸ್ ಸೇರಬೇಕು; ಅಲ್ಲಿನ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತ ಕೀಳಾಗಿರಬೇಕು. ಹಸಿದವನು ಸೋಮಾರಿ ಎಂಬ ಗುಮಾನಿ ಮೊದಲೇ ಇದ್ದವರು ಮಾತ್ರ ಇಂಥ ನಿಯಮ ಮಾಡಬಲ್ಲರು.

ಆ ಗುಮಾನಿಯನ್ನು ಅಲುಗಿಸಿದ್ದು ಲೆಕ್ಕ. ವ್ಯಾಪಾರಿ ಚಾರ್ಲ್ಸ್ ಬೂತ್ 1886ರಲ್ಲಿ ಲಂಡನ್ನಿನ ಸಮೀಕ್ಷೆ ಶುರುಮಾಡಿದ. ಶೇ. 30.7ರಷ್ಟು ಜನ ಬಡವರು ಅಂತ ಬಂತು. ಕಾರಣ ಹುಡುಕಿದರೆ, ಅತಿ ಬಡವರಲ್ಲಿ ಶೇ. 55ರಷ್ಟು ಮಂದಿಗೆ ಕೆಲಸ, ಕೂಲಿಯ ತೊಂದರೆ. ಕುಡಿತದಂಥ ಚಟ ಶೇ. 14 ಮಾತ್ರ. ಹಾಗಿದ್ದೂ ತನ್ನ ನಕ್ಷೆಯಲ್ಲಿ ತೀರಾ ಕೆಳಗಿನವರ ಬೀದಿಗೆ ಕಪ್ಪು ಬಳಿದು, ‘ದುಷ್ಟರು, ಅರೆ ಅಪರಾಧಿಗಳು’ ಎಂದು ಗುರುತಿಸಿದ. ಈ ಎರಡನ್ನೂ ನಾನು ಒಟ್ಟಿಗೇ ತೋರಿಸುತ್ತೇನೆ. ಹಳೆಯ ನಂಬಿಕೆ ಸ್ವಂತ ಲೆಕ್ಕಕ್ಕೂ ಜಗ್ಗಲಿಲ್ಲವಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇಷ್ಟಾದರೂ ಪಾಠ ದೂರದ್ದೇ ಆಗಿ ಉಳಿದಿತ್ತು. ಹತ್ತಿರ ತಂದದ್ದು ದಾದಾಭಾಯಿ ನವರೋಜಿ. 1876ರಲ್ಲಿ ಮುಂಬಯಿಯಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು 1867-68ಕ್ಕೆ ಭಾರತೀಯನೊಬ್ಬನ ಸರಾಸರಿ ವರಮಾನ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕ ಹಾಕಿದರು. ಆಮೇಲೆ ಅದರ ಪಕ್ಕಕ್ಕೆ ಸರ್ಕಾರದ್ದೇ ಜೈಲು ಖರ್ಚಿನ ಅಂಕಿ ಇಟ್ಟರು. ಕೈದಿಗೆ ಸಿಗುವ ಊಟ, ಬಟ್ಟೆಯಷ್ಟೂ ದುಡಿಯುವವನ ಪಾಲಿಗೆ ಬರುತ್ತಿರಲಿಲ್ಲ. ಇಲ್ಲಿ ದೋಷ ಜನರ ಗುಣದಲ್ಲಲ್ಲ, ದೇಶದಿಂದ ಹೊರಗೆ ಹರಿದುಹೋಗುತ್ತಿದ್ದ ಸಂಪತ್ತಿನಲ್ಲಿದೆ ಎಂಬುದು ಅವರ ವಾದ.

ಈಗ ವರ್ಕ್‌ಹೌಸಿನ ನಿಯಮವನ್ನೂ ನವರೋಜಿಯವರ ಅಂಕಿಯನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಸೀಮೆಸುಣ್ಣ ಮಕ್ಕಳ ಕೈಗೆ ಕೊಡುತ್ತೇನೆ. ರೂಪಾಯಿಗೆ 16 ಆಣೆ, 20 ರೂಪಾಯಿಗೆ 320. ಅದನ್ನು 365ರಿಂದ ಭಾಗಿಸಿದ ಹುಡುಗ ತಿರುಗಿ ನೋಡಿದ: “ದಿನಕ್ಕೆ ಒಂದಾಣೆಯೂ ಇಲ್ಲ, ಸರ್.”