ಹೊರದೇಶಕ್ಕೆ ಹೊರಟಿದ್ದೀರಾ? ಒಂದೇ ಕಾರ್ಡ್ ನಂಬಬೇಡಿ

ಕಾರ್ಡ್ ಬಳಸುವ ರೂಢಿ ದೇಶದಿಂದ ದೇಶಕ್ಕೆ ತುಂಬಾ ಬೇರೆ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಹೆಚ್ಚುಕಮ್ಮಿ ಎಲ್ಲೆಡೆ ನಡೆಯುತ್ತದೆ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿಯವರ ಕೈಯಲ್ಲಿ ಹೆಚ್ಚಾಗಿ ಇರುವುದು ಜಿರೊಕಾರ್ಡ್ ಎಂಬ ತಮ್ಮದೇ ಡೆಬಿಟ್ ಕಾರ್ಡ್, ಇಲ್ಲವೇ ನಗದು. ಸಣ್ಣ ಅಂಗಡಿಯವರು 'ಕಾರ್ಡ್ ತಗೋತೀವಿ' ಅಂದರೂ ಅದು ಜಿರೊಕಾರ್ಡ್ ಮಾತ್ರ ಆಗಿರಬಹುದು. ಬುಟ್ಟಿ ತುಂಬಿಸುವ ಮೊದಲೇ ಕೇಳಿಬಿಡಿ. ಸ್ವೀಡನ್ ಪೂರ್ತಿ ಉಲ್ಟಾ, ಎಷ್ಟೋ ಕಡೆ ನಗದನ್ನು ಮುಟ್ಟುವುದೇ ಇಲ್ಲ.

ಹೋಟೆಲ್ ಮತ್ತು ಬಾಡಿಗೆ ಕಾರಿಗೆ ಮಾತ್ರ ಕ್ರೆಡಿಟ್ ಕಾರ್ಡೇ ಕೊಡಿ. ಅವರು ಮುಂಗಡವಾಗಿ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ. ಡೆಬಿಟ್ ಕೊಟ್ಟರೆ ನಿಮ್ಮ ಖಾತೆಯ ಸ್ವಂತ ದುಡ್ಡೇ ಸಿಕ್ಕಿಬೀಳುತ್ತದೆ. ಕೋಣೆ ಬಿಟ್ಟು ಹೋದ ಮೇಲೂ ಅದು ಬಿಡುಗಡೆಯಾಗಲು ಕೆಲವು ದಿನ ಬೇಕು. ಅಷ್ಟರಲ್ಲಿ ಊಟಕ್ಕೆ ಏನು ಮಾಡ್ತೀರಿ, ಅಲ್ವಾ?

ಅಮೆರಿಕದ ರೆಸ್ಟೋರೆಂಟಲ್ಲಿ ಇನ್ನೊಂದು ವಿಚಿತ್ರ. ಮೊದಲು ಕಾರ್ಡ್ ಉಜ್ಜುತ್ತಾರೆ, ಆಮೇಲೆ ಚೀಟಿ ಕೊಡುತ್ತಾರೆ. ಅದರಲ್ಲಿ ಟಿಪ್ ಎಷ್ಟೆಂದು ನೀವೇ ಬರೆದು ಸಹಿ ಹಾಕಬೇಕು. ಹಾಗಾಗಿ ಮೊದಲು ಬಂದ ಮೆಸೇಜಿಗಿಂತ ಕೊನೆಗೆ ಕಡಿತವಾಗುವ ಮೊತ್ತ ಜಾಸ್ತಿ. ಸುಮ್ನೆ ಗಾಬರಿಯಾಗಬೇಡಿ, ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಯಂತ್ರ 'ನಿಮ್ಮ ದೇಶದ ಹಣದಲ್ಲೋ, ಇಲ್ಲಿಯ ಹಣದಲ್ಲೋ' ಎಂದು ಕೇಳಿದರೆ 'ಇಲ್ಲಿಯದು' ಒತ್ತಿ. ಇನ್ನೊಂದರಲ್ಲಿ ವಿನಿಮಯ ದರ ಸಾಮಾನ್ಯವಾಗಿ ದುಬಾರಿ. ಎಟಿಎಮ್‌ನಲ್ಲೂ ಅಷ್ಟೇ. ಅಲ್ಲಿಗೆ ಡೆಬಿಟ್ ಕಾರ್ಡ್ ಸಾಕು. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಅವತ್ತಿನಿಂದಲೇ ಬಡ್ಡಿ ಶುರು. ಹಾಂ, ಎರಡೂ ಕಾರ್ಡನ್ನು ಒಂದೇ ಪರ್ಸಿನಲ್ಲಿ ಇಡಬೇಡಿ.